ಬೆರಳುದ್ದದ ಸರಳು

ಮಾವನದು ಜಿಪುಣ ಜೀವ. ಲೋಹದ ಚೂರಿನಲ್ಲೂ ಜಿಪುಣತನ, ಹೊಗಳಿಕೆಯಲ್ಲೂ ಜಿಪುಣತನ. ಲೋಹ ಪರೀಕ್ಷೆಯ ಕೋಣೆಗೆ ಅವರೇ ಯಜಮಾನರು. ಮುರಿದ ತುಂಡುಗಳನ್ನೆಲ್ಲ ಮತ್ತೆ ಕರಗಿಸಲೆಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಯಾರ ಫಲಿತಾಂಶ ನೋಡಿದರೂ ಒಂದೇ ಮಾತು: "ಸಾಲದು." ಬೆನ್ನ ಹಿಂದೆ ಅವರಿಗೆ ಅದೇ ಹೆಸರಾಗಿತ್ತು.

ಅವರ ಅಕ್ಕನ ಮಗಳು ಅಲ್ಲೇ ಸಂಶೋಧನೆಗೆ ಸೇರಿದಳು. ಗಡಸು ಉಕ್ಕು ಥಟ್ಟನೆ ಮುರಿಯುತ್ತದೆ. ಬಾಗುವ ಉಕ್ಕು ಭಾರಕ್ಕೆ ಸೋಲುತ್ತದೆ. ಎರಡು ಗುಣವೂ ಒಂದರಲ್ಲೇ ಕೂಡಿದರೆ ಭೂಕಂಪದಲ್ಲಿ ಕಟ್ಟಡ ಬಾಗಿಯಾದರೂ ನಿಂತೀತು, ಒಳಗಿದ್ದವರು ಹೊರಗೋಡಿ ಬದುಕಿಯಾರು. ಅದಕ್ಕೆಂದು ಅವಳು ಗಡಸು ಪದರ, ಮೆದು ಪದರಗಳನ್ನು ಒಂದರ ಮೇಲೊಂದಿಟ್ಟು, ಕಾಯಿಸಿ, ಉರುಳೆಗಳ ನಡುವೆ ಒತ್ತಿ ಬೆಸೆದಿದ್ದಳು. ಆದರೆ ಅದರಿಂದ ಕತ್ತರಿಸಿ ಪರೀಕ್ಷೆಯ ಯಂತ್ರದಲ್ಲಿ ಎಳೆದ ಸರಳುಗಳೆಲ್ಲ ಬೇಗನೆ ಮುರಿದವು. ಇವತ್ತೂ ಹಾಗೇ ಆದರೆ ಅವಳಿಗೆ ಕೊಟ್ಟಿದ್ದ ಕುಲುಮೆ ಇನ್ನು ಪಕ್ಕದ ತಂಡದ ಪಾಲು. ಉಳಿದಿದ್ದು ಎರಡೇ ಸರಳು.

ಮಾವ ಡಬ್ಬಿಯಿಂದ ಅವಳ ಹಳೆಯ ತುಂಡುಗಳನ್ನು ಹೆಕ್ಕಿ ಭೂತಗನ್ನಡಿ ಹಿಡಿದರು.

"ನಡುವೆ ಏನೇ ಇದು ಗೀಚಿರೋದು?"

"ನಂಬರ್, ಮಾವ. ಅದಲು ಬದಲಾಗಬಾರದು ಅಂತ ಸೂಜೀಲಿ ಕೆತ್ತಿದೆ."

"ಮುರಿದಿರೋದೆಲ್ಲ ನಿನ್ನ ನಂಬರ್ ಹತ್ರಾನೇ. ಮಗೂಗೆ ಹೆಸರಿಡೋಕೆ ಕತ್ತು ಕುಯ್ದ ಹಾಗಾಯ್ತಲ್ಲೇ!"

ಅವಳ ಕಿವಿ ಬಿಸಿಯಾಯಿತು. ಉಳಿದೆರಡರ ಗೀರನ್ನು ನುಣ್ಣಗೆ ಉಜ್ಜಿ ತೆಗೆದು, ನಂಬರನ್ನು ತುದಿಯಲ್ಲಿ ಶಾಯಿಯಿಂದ ಬರೆದಳು.

"ಒಂದೇ ಸಾಕು. ಇನ್ನೊಂದು ಎತ್ತಿಡು," ಎಂದರು ಮಾವ.

ಯಂತ್ರದ ದವಡೆಗಳು ಬೆರಳುದ್ದದ ಸರಳನ್ನು ಕಚ್ಚಿ ಎಳೆಯತೊಡಗಿದವು. ಪರದೆಯ ಮೇಲೆ ಭಾರ ತೋರಿಸುವ ಗೆರೆ ಏರಿತು. ಹಿಂದಿನ ಸರಳುಗಳೆಲ್ಲ ಮುರಿದಿದ್ದ ಮಟ್ಟ ಬಂತು. ಗೆರೆ ನಿಲ್ಲಲಿಲ್ಲ. ಉಕ್ಕಿನ ಹೊಳಪು ಮಂಕಾಯಿತು, ಮೈ ನವಿರಾಗಿ ಸುಕ್ಕುಗಟ್ಟಿತು. ಹೊತ್ತ ಭಾರವನ್ನು ಬಿಟ್ಟುಕೊಡದೆ ಸರಳು ಉದ್ದವಾಯಿತು, ಇನ್ನೂ ಉದ್ದವಾಯಿತು. ಗಡಸು ಪದರ ಬಿರಿದಲ್ಲೆಲ್ಲ ಮೆದು ಪದರ ಬಿರುಕನ್ನು ಮುಂದಕ್ಕೆ ಬಿಡದೆ ತಡೆಯುತ್ತಿತ್ತು. ಕಲ್ಲಿನಂಥ ವಸ್ತು ಕಣ್ಣೆದುರಿಗೇ ನಾದಿದ ಹಿಟ್ಟಿನ ಹಾಗೆ ಹಿಗ್ಗುವುದನ್ನು ಇಬ್ಬರೂ ಬಗ್ಗಿ ನೋಡಿದರು. ಕೊನೆಗೆ ನಡು ಸಣ್ಣಗಾಗಿ ಮುರಿದಾಗ ತುಂಡು ಬೆಚ್ಚಗಿತ್ತು.

"ಸಾಲದು, ಅಲ್ವಾ ಮಾವ?" ಎಂದಳು ಅವಳು ಮೆಲ್ಲಗೆ.

"ಕುಲುಮೆ ನಿಂದೇ." ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆ ಇನ್ನೊಂದನ್ನೂ ಹಾಕು."

"ಫಲಿತಾಂಶ ಬಂತಲ್ಲ? ನೀವೇ ಎತ್ತಿಡು ಅಂದ್ರಿ. ಮತ್ತೆ ಯಾಕೆ?"

ಮಾವ ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ನೋಡೋಕೆ."