ಕಚೇರಿಯ ಕಿಟಕಿಗೆ ಒತ್ತಿಟ್ಟ ಇಟ್ಟಿಗೆ

ಎಪ್ಪತ್ತರ ದಶಕದ ನಡುವಿನಲ್ಲಿ ಮಾನ್ವಿಯ ನಮ್ಮ ಹಳೆಯ ಮನೆಯನ್ನು ಕೆಡವಿದಾಗ ಎಸೆಯಬೇಕಾಗಿ ಬಂದದ್ದು ಒಂದು ಬುಟ್ಟಿಯಷ್ಟೂ ಇರಲಿಲ್ಲ. ಮಾಳಿಗೆಯ, ಗೋಡೆಯ ಮಣ್ಣನ್ನು ಚೀಕಲಪರ್ವಿಯ ನನ್ನ ಸೋದರಮಾವ ಬಂಡಿ ಕಟ್ಟಿಕೊಂಡು ಬಂದು ಹೊಲಕ್ಕೆ ಒಯ್ದ. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ಮಣ್ಣು ಒಳ್ಳೆಯ ಗೊಬ್ಬರ.

“ಹಳೇ ಗ್ವಾಡಿ ಮಣ್ಣ ಬಿದ್ದ ಹೊಲದಾಗ ಜ್ವಾಳ ಕರ್ರಗ ಏಳ್ತದ. ಭಾವ, ಇನ್ನೊಂದು ಗ್ವಾಡಿ ಇದ್ರ ಅದನ್ನೂ ಕೆಡವ್ರಿ” ಎಂದು ಅವನು ನನ್ನ ತಂದೆಯನ್ನು ಕಾಡಿದ್ದ.

ತೊಲೆಗಳು ಹೊಸ ಮನೆಯ ಮಾಳಿಗೆಗೇ ಏರಿದವು. ಗಿಡ್ಡನೆಯ ಜಂತಿಗಳು ದನದ ಕೊಟ್ಟಿಗೆಗೆ ಹೋದವು. ಕಲ್ಲು ಮತ್ತೆ ಅಡಿಪಾಯಕ್ಕೆ ಇಳಿಯಿತು. ಉದುರಿದ ಗಾರೆಯನ್ನೂ ಇಟ್ಟಿಗೆಯ ಪುಡಿಯನ್ನೂ ಸುಣ್ಣದ ಜೊತೆ ಅರೆದು ನೆಲಕ್ಕೆ ಬಳಿದರು. ಇದನ್ನು ಯಾರೂ ದೊಡ್ಡ ವಿಷಯವೆಂದು ಹೇಳಿಕೊಳ್ಳಲಿಲ್ಲ. ಮನೆಯನ್ನು ಕೆಡವುವ ರೀತಿಯೇ ಅದಾಗಿತ್ತು.

ಇದನ್ನು ಮೊದಲೇ ಬರೆಯುವುದಕ್ಕೆ ಕಾರಣ ಒಂದೇ. ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಮನೆಯಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಕೋಟೆ ಗೋಡೆಯ ಹೊರಗೆ ಒಂದು ಖುಲ್ಲಾ ಜಾಗವಿತ್ತು. ಅಲ್ಲಿ ಅರಕೇರಾದ ಒಬ್ಬ ಹೆಂಗಸು ದಿನವೂ ಸಂಜೆ ಕುಳಿತು ಇಟ್ಟಿಗೆ ಕೆತ್ತುತ್ತಿದ್ದಳು. ವಯಸ್ಸು ನಲವತ್ತರ ಹತ್ತಿರ. ಗಂಡ ತೀರಿಕೊಂಡಿದ್ದ. ಹಗಲು ಊರೊಳಗೆ ಹಳೆಯ ಮನೆಗಳನ್ನು ಬಿಚ್ಚುವ ಗುಂಪಿನಲ್ಲಿ ಕೂಲಿ ಮಾಡುತ್ತಿದ್ದಳು. ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಇಡೀ ಇಟ್ಟಿಗೆ ಮನೆಯ ಮಾಲೀಕನಿಗೆ, ತುಂಡು ಇಟ್ಟಿಗೆ ಅದನ್ನು ಬಿಡಿಸಿದವರಿಗೆ. ಅವಳು ತನ್ನ ಪಾಲಿನ ತುಂಡುಗಳನ್ನು ತಲೆಯ ಮೇಲೆ ಹೊತ್ತು ತಂದು, ಅಂಟಿದ ಸುಣ್ಣವನ್ನು ಸಣ್ಣ ಬಾಚಿಯಿಂದ ಕೆತ್ತಿ, ಅರ್ಧ, ಮುಕ್ಕಾಲು ಎಂದು ಅಳತೆ ನೋಡಿ ಒಟ್ಟುತ್ತಿದ್ದಳು. ಅದರ ಪಕ್ಕದಲ್ಲಿ ಯಾರಿಗೂ ಬೇಡವಾದ ಓರೆಕೋರೆ ಕಲ್ಲುಗಳು, ಆರೇಳು ಜಂತಿ, ಒಂದು ಬಾಗಿಲ ಚೌಕಟ್ಟು. ಚೌಕಟ್ಟು ತೇಗದ್ದು, ಕೆಳಗೆ ಒಂದು ಕಡೆ ಗೆದ್ದಲು ತಿಂದಿತ್ತು.

ಒಂದು ಸಂಜೆ ನಿಂತು ಇದೆಲ್ಲ ಏತಕ್ಕೆ ಎಂದು ಕೇಳಿದ್ದೆ.

“ಮಗಳನ್ನ ಬಾಗಲವಾಡಕ್ಕ ಕೊಟ್ಟೀನ್ರಿ” ಎಂದಳು. “ಈಗ ನಾಲ್ಕು ತಿಂಗಳಾಗ್ಯಾವ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ರಿ.”

“ಹೌದವ್ವಾ, ಆಗಬೇಕು.”

“ತವರಮನಿ ಇದ ನೋಡ್ರಿ” ಎಂದು ಬಾಚಿಯನ್ನು ರಾಶಿಯ ಕಡೆ ತೋರಿಸಿ ನಕ್ಕಳು. “ಊರಾಗ ಜಾಗ ಅದ, ಅಡಿಪಾಯ ಆಗ್ಯದ. ಗ್ವಾಡಿ, ಬಾಗಲಾ ಎಲ್ಲಾ ಇಲ್ಲಿ ಕುಂತಾವ.”

ಅವಳ ಊರಿನ ದಾರಿಯಲ್ಲಿ, ದೇವದುರ್ಗದ ಕಡೆ ಖಾಲಿ ಹೋಗುವ ಲಾರಿಯವನೊಬ್ಬ ಅಮಾವಾಸ್ಯೆ ಕಳೆದ ಮೇಲೆ ಇವನ್ನೆಲ್ಲ ಒಯ್ಯಲು ಒಪ್ಪಿದ್ದ.

ಅದೇ ಬೇಸಿಗೆಯಲ್ಲಿ ನಾನು ನಮ್ಮ ಮನೆಯ ಹಿಂದೆ ಒಂದು ಬಚ್ಚಲು ಕಟ್ಟಿಸಿದ್ದೆ. ಹೊಸ ಇಟ್ಟಿಗೆ, ಹೊಸ ಸಿಮೆಂಟು. ಒಳಗಿನ ಗೋಡೆಗೆ ಸುಣ್ಣವನ್ನು ನಾನೇ ಕಲಸಿದೆ. ನೀಲಿ ಹೆಚ್ಚಾಗಿ ಗೋಡೆ ಶಾಯಿ ಚೆಲ್ಲಿದಂತೆ ಕಂಡಿತು. “ಪೇಪರಿನ್ಯಾರ ಬಚ್ಚಲಾ, ಶಾಯಿ ಬಣ್ಣ ಇರಾಕಬೇಕು” ಎಂದು ಮೇಸ್ತ್ರಿ ನಕ್ಕಿದ್ದ. ಮೂರು ತಿಂಗಳೂ ಆಗಿರಲಿಲ್ಲ. ನೆಂಟಸ್ತನಕ್ಕೆ ಬಂದ ಹಿರಿಯರೊಬ್ಬರು ಬಚ್ಚಲಿನ ಬಾಗಿಲು ದಕ್ಷಿಣಕ್ಕಿದೆ ಎಂದರು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಮನೆಯಲ್ಲಿ ದಿನವೂ ಅದೇ ಮಾತಾದಾಗ ಒಡೆಸಿದೆ.

ಒಡೆಯುವಾಗ ಮೇಸ್ತ್ರಿ ನಗಲಿಲ್ಲ. “ಸುಣ್ಣದ ಗ್ವಾಡಿ ಆಗಿದ್ರ ಒಂದೊಂದಾ ಇಟ್ಟಂಗಿ ಬಿಚ್ಚಿ ಕೊಡ್ತಿದ್ದೆ. ಸಿಮಿಟ್ ಬಿಡಂಗಿಲ್ರಿ. ಇದು ಎಸಿಯೂದ” ಎಂದ.

ಬಂಡಿಯವನು ಬಂದು ಎರಡು ಸಲ ತುಂಬಿಕೊಂಡ. ಹೊರಡುವ ಮುಂಚೆ ಕೇಳಿದ:

“ಎಲ್ಲಿ ಹಾಕ್ಲಿರಿ?”

“ಎಲ್ಲ್ಯಾರ ಹಾಕಪಾ. ನನ್ನ ಕಣ್ಣಿಗೆ ಕಾಣದಿದ್ರ ಸಾಕು.”

ಊರೆಲ್ಲರನ್ನೂ ಎಲ್ಲಿ, ಯಾವಾಗ, ಯಾರು ಎಂದು ಕೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಆ ದಿನ ಪ್ರಶ್ನೆ ಕೇಳಿದವನು ಬಂಡಿಯವನು.

ಅಮಾವಾಸ್ಯೆಗೆ ಇನ್ನೂ ಒಂದು ವಾರ ಇರುವಾಗ ಮಳೆ ಬಂತು. ಮುಂಗಾರಿಗೆ ಮುಂಚಿನ ಒಂದೇ ಹೊಡೆತದ ಮಳೆ. ಕೋಟೆ ಗೋಡೆಯ ಹತ್ತಿರದ ಓಣಿಯಲ್ಲಿ ಮೋರಿ ಕಟ್ಟಿ, ನೀರು ಮನೆಗಳ ಒಳಗೆ ನುಗ್ಗಿತು. ಮರುದಿನ ಬೆಳಿಗ್ಗೆ ಸುದ್ದಿ ಮಾಡಲು ಹೋದೆ. ಬಾಗಿಲ ಮುಂದೆ ತೊಯ್ದ ಜೋಳವನ್ನು ಹಾಸಿಗೆಯ ಮೇಲೆ ಹರವಿದ್ದರು. ಮೋರಿಯ ತುಂಬ ಒಡೆದ ಗೋಡೆಯ ತುಂಡುಗಳು. ಅರಕೇರಾದ ಆ ಹೆಂಗಸು ಸೀರೆ ಕಚ್ಚೆ ಹಾಕಿ ಮೋರಿಗಿಳಿದು ಅವನ್ನು ಒಂದೊಂದಾಗಿ ಮೇಲೆತ್ತಿ ಹಾಕುತ್ತಿದ್ದಳು.

“ನೋಡ್ರಿ, ತಾನ ಹಾಕಿ ತಾನ ತಗ್ಯಾಕತ್ಯಾಳ” ಎಂದರು ಓಣಿಯ ಹಿರಿಯರೊಬ್ಬರು. “ಎರಡು ವರ್ಷ ಆತು, ಅರಮನಿ ಕಟ್ಟತಾಳಂತ ಇಲ್ಲಿ ಕಸ ಒಟ್ಟ್ಯಾಳ.”

ಪಕ್ಕದ ಮನೆಯವರೂ ಅದನ್ನೇ ಹೇಳಿದರು. ನಮ್ಮ ಪತ್ರಿಕೆಯಲ್ಲಿ ಒಂದು ನಿಯಮವಿತ್ತು. ಇಬ್ಬರು ಬೇರೆಬೇರೆಯಾಗಿ ಹೇಳಿದ್ದನ್ನು ಬರೆಯಬಹುದು. ಇಬ್ಬರು ಹೇಳಿದ್ದರು. ಆ ಇಬ್ಬರದೂ ಜೋಳ ತೊಯ್ದಿತ್ತು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೋರಿಯಲ್ಲಿದ್ದವಳು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಹತ್ತು ಹೆಜ್ಜೆ ನಡೆದರೆ ಅವಳನ್ನು ಕೇಳಬಹುದಿತ್ತು. ಕೆಸರಿತ್ತು. ನಾನು ನಡೆಯಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ‘ಸಿಮೆಂಟು ಹತ್ತಿದ ಇಟ್ಟಿಗೆ’ ಎಂದು ನಾನೇ ಬರೆದುಕೊಂಡಿದ್ದೆ. ಅವಳ ರಾಶಿಯಲ್ಲಿ ಸಿಮೆಂಟು ಹತ್ತಿದ ಒಂದು ತುಂಡೂ ಇಲ್ಲವೆಂಬುದು ನನಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ.

‘ಕಟ್ಟಡದ ಕಸಕ್ಕೆ ಮೋರಿ ಬಂದ್, ಮನೆಗಳಿಗೆ ನೀರು’ ಎಂಬ ತಲೆಬರಹದಲ್ಲಿ ಸುದ್ದಿ ಬಂತು. ಕೋಟೆ ಗೋಡೆಯ ಬದಿಗೆ ಕೂಲಿಯವರು ಕೂಡಿಹಾಕಿದ ಕಸದ ರಾಶಿಯೇ ಇದಕ್ಕೆ ಕಾರಣವೆಂದು ನಿವಾಸಿಗಳು ದೂರಿದ್ದಾರೆ, ಎಂದು ಬರೆದಿದ್ದೆ. ವ್ಯಾಕರಣದಲ್ಲಾಗಲಿ ನಿಯಮದಲ್ಲಾಗಲಿ ತಪ್ಪಿರಲಿಲ್ಲ. ಅವಳು ‘ತವರಮನಿ’ ಎಂದದ್ದನ್ನು ನಾನು ‘ಕಸ’ ಎಂದಿದ್ದೆ, ಅಷ್ಟೇ.

ಎರಡು ದಿನ ಬಿಟ್ಟು ಮಧ್ಯಾಹ್ನ ಅವಳು ಕಚೇರಿಗೆ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಎರಡು ತುಂಡು ಇಟ್ಟಿಗೆಗಳನ್ನು ನನ್ನ ಮೇಜಿನ ಮೇಲಿಟ್ಟಳು.

“ಪೇಪರಿನ್ಯಾಗಿಂದು ಓದಿಸಿ ಕೇಳಿದೆ ಯಪ್ಪಾ” ಎಂದಳು. ಸಿಟ್ಟಿರಲಿಲ್ಲ. “ಇದು ನಂದು. ಸುಣ್ಣದ್ದು, ಕೆತ್ತಿದ್ದು. ಇದು ಮೋರ್ಯಾಗಿಂದು. ಸಿಮಿಟಿಂದು. ಇದನ್ನ ಕೆತ್ತಾಕ ಹೋದ್ರ ಇಟ್ಟಂಗಿ ಒಡಿತದ, ಸಿಮಿಟ್ ಬಿಡಂಗಿಲ್ಲ. ಇಂಥಾದು ನಾ ಯಾಕ ಹೊತ್ಗೊಂಡು ಬರ್ಲಿ?”

ಎರಡನೆಯ ತುಂಡನ್ನು ಹೊರಳಿಸಿದಳು. ಒಂದು ಬದಿಗೆ ಶಾಯಿ ಚೆಲ್ಲಿದಂಥ ನೀಲಿ ಸುಣ್ಣ.

“ಓಣ್ಯಾಗಿನ್ಯಾರು ಐತವಾರ ಟ್ರ್ಯಾಕ್ಟರ್ ತರಿಸ್ತಾರಂತ. ನನ್ನ ರಾಶಿ ಎಲ್ಲಾ ಹಾಳಬಾವಿಗೆ ಹಾಕ್ತಾರಂತ. ಮಂಗಳವಾರ ನನ್ನ ಲಾರಿ ಬರ್ತದ. ಎರಡ ದಿನದ್ದು ಮಾತು. ಇದು ಕಸ ಅಲ್ಲ, ಮೋರ್ಯಾಗ ಹಾಕ್ದಾಕಿ ಅಕಿ ಅಲ್ಲ ಅಂತ ಒಂದು ಮಾತು ಬರೀರಿ. ಪೇಪರ್ ಹೇಳಿದ್ರ ತಡೀತಾರ. ನನ್ನ ಮಾತು ಕೇಳಂಗಿಲ್ಲ.”

ನಾನು ಇಟ್ಟಿಗೆಯನ್ನೇ ನೋಡುತ್ತಿದ್ದೆ.

“ಈ ಬಣ್ಣ ಎಲ್ಲ್ಯಾರ ನೋಡೀರೇನ್ರಿ?” ಎಂದು ಕೇಳಿದಳು.

“ಇಲ್ಲವ್ವಾ.”

ನನ್ನ ಮುಖವನ್ನೊಮ್ಮೆ ನೋಡಿದಳು. “ಆತು ಬಿಡ್ರಿ” ಎಂದಳು. ತನ್ನ ಇಟ್ಟಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನನ್ನದು ಮೇಜಿನ ಮೇಲೆ ಉಳಿಯಿತು.

ಸಂಪಾದಕರ ಬಳಿ ಹೋಗಿ, ಮೋರಿಯ ಸುದ್ದಿಗೆ ಒಂದು ತಿದ್ದುಪಡಿ ಹಾಕಬೇಕಾಗಬಹುದು ಎಂದೆ. ಅವರು ಸುದ್ದಿಯನ್ನು ಮತ್ತೊಮ್ಮೆ ಓದಿದರು.

“ಹಾಕೋಣು. ಅಕಿದಲ್ಲ ಅಂದ್ರ ಮೋರ್ಯಾಗಿಂದು ಯಾರದು?”

“ಗೊತ್ತಾಗಿಲ್ರಿ.”

“ಗೊತ್ತು ಮಾಡ್ಕೊಂಡು ಬರ್ರಿ. ಅರ್ಧ ತಿದ್ದುಪಡಿ ಹಾಕಿದ್ರ ನಾಳಿ ಮತ್ತೊಂದು ಹಾಕಬೇಕಾಗ್ತದ.”

ಅವರು ಹೇಳಿದ್ದು ಸರಿಯಾಗಿತ್ತು. ಗೊತ್ತು ಮಾಡಿಕೊಳ್ಳಲು ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನನ್ನ ಹೆಸರು ಬೇಡ, ಮೋರಿ ಕಟ್ಟಿದ್ದ ಕಸ ಅವಳದಲ್ಲ ಎಂದಷ್ಟೇ ಬರೆದುಕೊಡುತ್ತೇನೆ ಎಂದು ಪಟ್ಟು ಹಿಡಿಯಬಹುದಿತ್ತು. ಅದನ್ನೂ ಮಾಡಲಿಲ್ಲ. ಒಂದು ಎಳೆ ಹಿಡಿದರೆ ಉಳಿದದ್ದೂ ಬರುತ್ತದೆಂಬ ಹೆದರಿಕೆ. ಶುಕ್ರವಾರ ಹೋಯಿತು, ಶನಿವಾರ ಹೋಯಿತು.

ಐತವಾರ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ನಾನು ಕೋಟೆ ಗೋಡೆಯ ಮೂಲೆಯಲ್ಲಿ ನಿಂತು ನೋಡಿದೆ. ಎರಡು ವರ್ಷ ಅಳತೆ ನೋಡಿ ಒಟ್ಟಿದ ಇಟ್ಟಿಗೆಯನ್ನು ಸಲಿಕೆಯಿಂದ ಎಳೆದು ತುಂಬಿದರು. ಸಲಿಕೆ ತಾಗಿದಾಗ ಕೆತ್ತಿದ ಇಟ್ಟಿಗೆ ಗಟ್ಟಿಯಾಗಿ ಸದ್ದು ಮಾಡುತ್ತದೆ. ಕಸ ಹಾಗೆ ಸದ್ದು ಮಾಡುವುದಿಲ್ಲ. ಜಂತಿಗಳನ್ನು ಯಾರು ಯಾರೋ ಸೌದೆಗೆಂದು ಒಯ್ದರು. ಅವಳು ಕೂಗಾಡಲಿಲ್ಲ. ಬಾಗಿಲ ಚೌಕಟ್ಟನ್ನು ನೆಲಕ್ಕೆ ಮಲಗಿಸಿ ಅದರ ಮೇಲೆ ಕುಳಿತುಬಿಟ್ಟಳು.

“ಏಳಬೇ, ಕೆಲಸ ಮುಗಿಸ್ತೀವಿ” ಎಂದ ಟ್ರ್ಯಾಕ್ಟರಿನವನು.

“ಮುಗಿಸಪಾ. ಇದು ಬಾಗಲಾ. ಬಾಗಲಾ ಹಾಳಬಾವಿಗೆ ಹೋಗಂಗಿಲ್ಲ.”

ಯಾರೋ ನಕ್ಕರು. ಚೌಕಟ್ಟನ್ನು ಅವಳಿಗೆ ಬಿಟ್ಟರು. ಓಣಿಯ ಹಿರಿಯರು ನನ್ನನ್ನು ಕಂಡು ಹತ್ತಿರ ಬಂದು, “ನೀವು ಬರ್ದಿದ್ದಕ್ಕ ಇಷ್ಟಾತು ನೋಡ್ರಿ” ಎಂದು ಕೈ ಹಿಡಿದುಕೊಂಡರು. ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ. ಮುಂದಿನ ಮಳೆಗಾಲಕ್ಕೆ ಬೇರೆ ಯಾರದೋ ಸಿಮೆಂಟಿನ ಗೋಡೆ ಬಿದ್ದು ಅದೇ ಮೋರಿ ಮತ್ತೆ ಕಟ್ಟಿತು. ಆಗ ಬೈಯಲು ಅಲ್ಲಿ ಯಾರ ರಾಶಿಯೂ ಇರಲಿಲ್ಲ.

ಅವಳು ಬಿಟ್ಟುಹೋದ ಇಟ್ಟಿಗೆ ನಮ್ಮ ಕಚೇರಿಯಲ್ಲೇ ಉಳಿಯಿತು. ಕಿಟಕಿಯ ಕದ ಗಾಳಿಗೆ ಬಡಿಯುತ್ತಿತ್ತು. ಯಾರೋ ಅದನ್ನು ಒಯ್ದು ಕದಕ್ಕೆ ಒತ್ತಿಟ್ಟರು. ನೀಲಿ ಬದಿ ಒಳಗೆ, ನನ್ನ ಮೇಜಿನ ಕಡೆಗೆ. ಆರು ವರ್ಷ ಅದು ಅಲ್ಲೇ ಇತ್ತು.

ಆರು ವರ್ಷದ ಮೇಲೆ, ಗುಳೆ ಹೋಗುವವರ ಬಗ್ಗೆ ಬರೆಯಲು ದೇವದುರ್ಗದ ಕಡೆ ತಿರುಗಾಡುತ್ತ ಅರಕೇರಾದಲ್ಲಿ ಇಳಿದೆ. ಊರ ಅಂಚಿನಲ್ಲಿ ಒಂದು ಬಾಗಿಲ ಚೌಕಟ್ಟನ್ನು ಕಂಡು ಕಾಲು ನಿಂತವು. ತೇಗದ್ದು, ಬುಡದಲ್ಲಿ ಗೆದ್ದಲು ತಿಂದದ್ದು. ಅದರ ಎರಡೂ ಬದಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರ ಮೇಲೆ ತಟ್ಟಿ. ಅವಳು ಒಳಗಿನಿಂದ ಬಂದು ನನ್ನನ್ನು ಗುರುತು ಹಿಡಿದಳು. ನೀರು ಕೊಟ್ಟಳು.

ಮಗಳ ವಿಷಯ ಕೇಳಿದೆ.

“ಬಾಗಲವಾಡದಾಗ ಹಡದಳ್ರಿ, ಬೀಗರ ಮನ್ಯಾಗ” ಎಂದಳು. “ನಾ ಹೋಗಿ ಬಾಣಂತನ ಮಾಡ್ದೆ. ಬೀಗತಿ ದಿನಾ ಒಂದು ಮಾತು ಅಂದಳು, ಬಾಣಂತಿ ಜೋಡಿ ತವರಮನೀನೂ ನಮ್ಮ ಮನಿಗೇ ಬಂತು ಅಂತ. ಮಗಳು ಆ ಮಾತು ಇನ್ನೂ ಮರ್ತಿಲ್ಲ. ಇಲ್ಲಿಗೆ ಬರಂಗಿಲ್ಲ.”

ತಂಬಿಗೆಯನ್ನು ಕೆಳಗಿಟ್ಟು ಹೇಳಿದೆ. “ಯವ್ವಾ, ಮೋರಿಯೊಳಗಿನ ಆ ಇಟ್ಟಂಗಿ ನಮ್ಮನೀದು.”

“ಗೊತ್ತಿತ್ತಲ್ರಿ” ಎಂದಳು. “ಬಂಡ್ಯಾವ ಅವತ್ತ ಹೇಳಿದ್ದ, ಪೇಪರಿನ್ಯಾರ ಬಚ್ಚಲದ್ದು ಅಂತ. ಅದಕ್ಕ ನಿಮ್ಮ ಹತ್ರ ಬಂದಿದ್ದೆ.”

“ಮತ್ತ ಅವತ್ತ ಯಾಕ ಅನ್ಲಿಲ್ಲ?”

ಅವಳು ಚೌಕಟ್ಟಿಗೆ ಒರಗಿ ನಿಂತಿದ್ದಳು.

“ನೀವ ಹೇಳ್ತೀರಂತ ತಿಳಕೊಂಡಿದ್ದೆ.”

ಮರುದಿನ ಎರಡು ಸಾಲಿನ ತಿದ್ದುಪಡಿ ಬರೆದು ಸಂಪಾದಕರ ಮುಂದಿಟ್ಟೆ. ನನ್ನ ಹೆಸರನ್ನೂ ಹಾಕಿದ್ದೆ. ಅವರು ಕನ್ನಡಕ ತೆಗೆದು, “ಆರು ವರ್ಷದ ಹಿಂದಿನ ಮೋರಿ ಈಗ ಯಾರಿಗೆ ನೆನಪದರೀ?” ಎಂದರು. ಒಬ್ಬಳಿಗೆ ನೆನಪಿದೆ ಎಂದು ಹೇಳಬಹುದಿತ್ತು. ನಾನು ಚೀಟಿಯನ್ನು ವಾಪಸು ತೆಗೆದುಕೊಂಡೆ.

ಇಟ್ಟಿಗೆಯನ್ನಾದರೂ ಮನೆಗೆ ಒಯ್ಯೋಣವೆಂದು ಕಿಟಕಿಯಿಂದ ಎತ್ತಿ ಮೇಜಿನ ಕೆಳಗಿಟ್ಟೆ. ಮಧ್ಯಾಹ್ನದ ಗಾಳಿಗೆ ಕದ ಬಡಿಯತೊಡಗಿತು. ಯಾರೋ ಎದ್ದು ಹುಡುಕಿ, ಅದನ್ನು ಮತ್ತೆ ತಂದು ಅದೇ ಜಾಗದಲ್ಲಿ ಒತ್ತಿಟ್ಟರು.