ಮೂಟೆ ಇಳಿಯಿತು, ಗಂಡು ಇಳಿಯಲಿಲ್ಲ

ಕಳೆದ ತಿಂಗಳ ಎರಡನೇ ಗುರುವಾರ ಬೆಳಿಗ್ಗೆ ತಿಪಟೂರಿನಿಂದ ಅರಸೀಕೆರೆಗೆ ಹೋದ ರೈಲು ತಡವಾಗಿ ತಲುಪಿತು. ಅಲ್ಲಿಂದ ಹಾಸನಕ್ಕೆ ಹೋಗುವ ಕನೆಕ್ಷನ್ ರೈಲು ನಮ್ಮನ್ನು ಬಿಟ್ಟು ಹೋಯಿತು.

ನಾವು ಎಂದರೆ ಮೂವರು. ಹಾಲ್ಕುರಿಕೆ ಹತ್ತಿರ ತೆಂಗಿನ ತೋಟ ಇರುವ ನಮ್ಮ ಭಾವ ರುದ್ರಣ್ಣ, ಅವರ ಮಗ ಚಂದ್ರು, ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ ನಾನು. (ಹಾಸನದಲ್ಲಿ ಯಾರೂ ನನ್ನ ಜೊತೆ ಇಂಗ್ಲಿಷ್ ಮಾತಾಡಲಿಲ್ಲ.) ಚಂದ್ರುಗೆ ಅಲ್ಲೊಂದು ಹೆಣ್ಣು ಒಪ್ಪಿಗೆಯಾಗಿತ್ತು. ರಾಹುಕಾಲಕ್ಕೆ ಮುಂಚೆ ತಾಂಬೂಲ ಬದಲಾಯಿಸಬೇಕಿತ್ತು. ಅಷ್ಟೇ ಕೆಲಸ.

ಜೊತೆಗೆ ನಾಲ್ಕನೆಯವರೂ ಇದ್ದರು. ಒಂದು ಮೂಟೆ ಉಂಡೆ ಕೊಬ್ಬರಿ.

ಸಂಬಂಧ ಮಾಡುವಾಗ ನಮ್ಮ ಭಾವ ಜಾತಕಕ್ಕಿಂತ ಅಟ್ಟವನ್ನು ನಂಬುತ್ತಾರೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕೊಬ್ಬರಿ ನೋಡಿದರೆ ಮನೆತನ ಗೊತ್ತಾಗುತ್ತದಂತೆ. ಮೂಟೆಯನ್ನು ಹಾಸನದವರೆಗೂ ಬುಕ್ ಮಾಡಿ, ಮೇಲೆ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿ, ರೈಲಿನ ಸಾಮಾನು ಡಬ್ಬಿಯಾದ ಬ್ರೇಕ್ ವ್ಯಾನಿಗೆ ಹಾಕಿಸಿದ್ದರು.

ಅರಸೀಕೆರೆಯಲ್ಲಿ ಇಳಿದಾಗ ಹಾಸನದ ರೈಲು ಇನ್ನೂ ನಿಂತಿತ್ತು. ಹೌದು, ನಿಂತಿತ್ತು. ಓಡಿದ್ದರೆ ಸಿಗುತ್ತಿತ್ತು. ಚಂದ್ರು ಓಡಿ ಒಂದು ಕಾಲನ್ನು ಸೇತುವೆಯ ಮೆಟ್ಟಿಲ ಮೇಲೆ ಇಟ್ಟೂ ಇದ್ದ.

"ಅಪ್ಪಾ, ಬನ್ನಿ! ಹೊರಡ್ತೈತೆ!"

ಅಪ್ಪ ಬ್ರೇಕ್ ವ್ಯಾನಿನ ಮುಂದೆ ಕಲ್ಲಿನಂತೆ ನಿಂತಿದ್ದರು. "ಮೂಟೆ ಬುಟ್ಟು ಬರಾಕಾಯ್ತದೇನ್ಲಾ? ಇಳಿಲಿ ತಡಿ!"

"ಅದನ್ನ ರೈಲ್ವೆಯವರೇ ಆ ಗಾಡಿಗೆ ಹಾಕ್ತಾರೆ ಭಾವ," ಎಂದೆ ನಾನು.

"ನಿನಗೇನ್ ಗೊತ್ತು ಬಾಮೈದ? ಕಣ್ಣಿಂದ ಮರೆಯಾದ ಮೂಟೆ ಯಾವತ್ತಾದ್ರೂ ಅದೇ ಮೂಟೆಯಾಗಿ ಬಂದೈತಾ?"

ಚಂದ್ರು ಮೆಟ್ಟಿಲಿಂದ ಕಾಲು ತೆಗೆದ. ಮೂಟೆ ಇಳಿಯಿತು. ಭಾವ ಅದರ ಬಾಯಿಯ ಹೊಲಿಗೆ ಮುಟ್ಟಿ ನೋಡಿದರು, ತಟ್ಟಿ ನೋಡಿದರು, ಸಮಾಧಾನಪಟ್ಟರು. ಕೂಲಿಗಳು ಅದನ್ನು ಎತ್ತಿಕೊಂಡು ಹಳಿ ದಾಟಿ ಓಡಿಹೋಗಿ ಹಾಸನದ ರೈಲಿಗೆ ಎಸೆದರು. ನಾವು ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ರೈಲು ಹೊರಟಿತು. ಮೂಟೆ ಒಳಗೆ, ನಾವು ಹೊರಗೆ.

ಬಸ್ಸಿನಲ್ಲಿ ನಿಂತುಕೊಂಡು ಹಾಸನ ಸೇರುವಾಗ ರಾಹುಕಾಲ ನಮಗಿಂತ ಮೊದಲೇ ಬಂದು ಕೂತಿತ್ತು. ರೈಲು ಲೇಟು ಎಂದು ಭಾವ ವಿವರಿಸಿದರು. ಹೆಣ್ಣಿನ ತಂದೆ ಸಮಾಧಾನದಿಂದಲೇ ಕೇಳಿಸಿಕೊಂಡರು.

"ರೈಲು ಬಂತಲ್ಲ ರುದ್ರಣ್ಣೋರೆ. ನಮ್ಮ ಹುಡುಗರು ಕರ್ಕೊಂಡು ಬರೋಣ ಅಂತ ಸ್ಟೇಷನ್ನಿಗೆ ಹೋಗಿದ್ರು. ನಿಮ್ಮ ಹೆಸರಿನ ಮೂಟೆ ಇಳೀತಂತೆ. ನೀವು ಇಳೀಲಿಲ್ಲ."

ಕಾಫಿ ಕೊಟ್ಟರು. ತಾಂಬೂಲದ ತಟ್ಟೆ ಹೊರಗೆ ಬರಲಿಲ್ಲ. "ಯೋಚನೆ ಮಾಡಿ ತಿಳಿಸ್ತೀವಿ" ಎಂದರು. ಆ ಅವಮಾನದಲ್ಲಿ ಸ್ಟೇಷನ್ನಿಗೆ ಹೋಗಿ ಮೂಟೆ ಬಿಡಿಸಿಕೊಳ್ಳುವ ನೆನಪು ಯಾರಿಗೂ ಬರಲಿಲ್ಲ.

ಮಾರನೆಯ ದಿನ ಭಾವ ನನ್ನನ್ನು ಎಳೆದುಕೊಂಡು ತಿಪಟೂರು ಸ್ಟೇಷನ್ನಿಗೆ ಹೋದರು. ಅವರಿಗೆ ಬೇಕಿದ್ದದ್ದು ಟಿಕೆಟ್ಟಿನ ದುಡ್ಡಲ್ಲ. ರೈಲು ಲೇಟಾಗಿತ್ತು ಎಂಬ ಒಂದು ಚೀಟಿ, ಅದರ ಮೇಲೊಂದು ಸೀಲು. ಹಾಸನಕ್ಕೆ ತೋರಿಸಿದರೆ ಸಂಬಂಧ ಉಳಿದೀತು ಎಂಬ ಆಸೆ.

ಪಾರ್ಸಲ್ ಗುಮಾಸ್ತರು ಕಥೆಯನ್ನೆಲ್ಲ ಕೇಳಿಸಿಕೊಂಡು ಶಾಂತವಾಗಿ ಕೇಳಿದರು: "ತಡ ಆದದ್ದು ಆಳಾ, ಮಾಲಾ?"

"ಆಳು. ನನ್ನ ಮಗ."

"ಆಳಿಗೆ ಕ್ಲೇಮ್ ಇಲ್ಲ ಯಜಮಾನ್ರೇ. ಹೊತ್ತಿಗೆ ಸರಿಯಾಗಿ ತಲುಪಿಸ್ತೀವಿ ಅಂತ ರೈಲ್ವೆ ಯಾರಿಗೂ ಮಾತು ಕೊಟ್ಟಿಲ್ಲ. ಟೈಮ್ ಟೇಬಲ್ಲಿನಲ್ಲೇ ಹಾಕಿರ್ತಾರೆ, ಓದ್ಕೊಳ್ಳಿ. ಮಾಲಿಗಾದ್ರೆ ಕ್ಲೇಮ್ ಇದೆ. ಆದ್ರೆ ನಿಮ್ಮ ಮಾಲು ಕನೆಕ್ಷನ್ ಹಿಡಿದಿದೆಯಲ್ಲ!"

"ಹಂಗಾದ್ರೆ ನನ್ನ ಮಗನ್ನೂ ಬ್ರೇಕ್ ವ್ಯಾನಿಗೇ ಬುಕ್ ಮಾಡ್ಬೇಕಿತ್ತೇನ್ರೀ?"

"ಬಾಯಿ ಹೊಲಿದು ತಂದಿದ್ರೆ ನೋಡಬಹುದಿತ್ತು."

(ಟೈಮ್ ಟೇಬಲ್ ಎಂಬ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಅದರಲ್ಲಿರುವ ಟೈಮನ್ನು ನಂಬಬಾರದು ಎಂಬ ಸೂಚನೆ ಮಾತ್ರ ಉಚಿತ.)

ಭಾವ ಸೋಲಲಿಲ್ಲ. ಮೇಲಿನ ಕಚೇರಿಗೆ ನನ್ನ ಕೈಯಲ್ಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿದರು. ಕೊನೆಗೂ ನನ್ನ ಇಂಗ್ಲಿಷ್ ಉಪಯೋಗಕ್ಕೆ ಬಂತು. ಅರ್ಜಿಯಲ್ಲಿ ರೈಲಿನ ತಡ, ತಪ್ಪಿದ ಕನೆಕ್ಷನ್, ರಾಹುಕಾಲ ಎಲ್ಲವನ್ನೂ ವಿವರಿಸಿದೆ. ಬ್ರೇಕ್ ವ್ಯಾನಿನ ಮುಂದೆ ನಿಂತ ಸಂಗತಿಯನ್ನು ಬರೆಯಲು ಭಾವ ಬಿಡಲಿಲ್ಲ. "ಅದ್ಯಾಕೆ ಬುಡು, ಅವರಿಗೇನ್ ಬೇಕು ಅದು" ಎಂದರು.

ಕಳೆದ ವಾರ ಉತ್ತರ ಬಂದಿದೆ. ಸದರಿ ಮೂಟೆಯು ಅದೇ ದಿನದ ಕನೆಕ್ಷನ್ ರೈಲಿನಲ್ಲಿ ಸುಸ್ಥಿತಿಯಲ್ಲಿ ಹಾಸನ ತಲುಪಿದ್ದು, ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಮಾಲೀಕರು ಈವರೆಗೆ ಬಿಡಿಸಿಕೊಳ್ಳದ ಕಾರಣ, ಮೂಟೆ ಇಟ್ಟುಕೊಂಡ ಬಾಬ್ತು ಶುಲ್ಕವನ್ನು ಕೂಡಲೇ ಕಟ್ಟತಕ್ಕದ್ದು.

ಮೂಟೆ ಹಾಸನದಲ್ಲೇ ಇದೆ. ಚಂದ್ರು ತೋಟದ ಕೆಲಸ ನೋಡಿಕೊಂಡಿದ್ದಾನೆ.

ಆ ಹುಡುಗಿಯ ನಿಶ್ಚಿತಾರ್ಥ ಸೋಮವಾರ ನಡೆಯಿತು. ಗಂಡಿನ ಕಡೆಯವರು ಹುಳಿಯಾರಿನವರು. ಬಸ್ಸಿನಲ್ಲಿ ಬಂದಿದ್ದರು, ಬರಿಗೈಯಲ್ಲಿ.