ಚೌಕಿಯಲ್ಲಿ ಕೂತ ಸೊಸೆ

ಕಥೆ ಕೇಳುವಾಗ ಟೀಚರಕ್ಕನ ಬಲಗಾಲು ತಾಳ ಹಾಕುತ್ತಿತ್ತು. ಕಾಲುಂಗುರ ನೆಲಕ್ಕೆ ತಗುಲಿ ಟಿಣ್ ಟಿಣ್ ಅನ್ನುತ್ತಿತ್ತು. ಕಥೆ ಸಪ್ಪೆಯಾದರೆ ಕಾಲು ನಿಲ್ಲುತ್ತಿತ್ತು.

ಮೊಮ್ಮಕ್ಕಳೇ, ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಅವರದು ನಮ್ಮ ಎದುರುಮನೆ. ಉಡುಪಿ ಕಡೆಯವರು, ಕನ್ನಡ ಶಾಲೆಯಲ್ಲಿ ಟೀಚರು. ತಂದೆ ಯಕ್ಷಗಾನದ ವೇಷಧಾರಿ. ನಾನೋ ಹಳ್ಳಿಶಾಲೆಯಲ್ಲಿ ಓದಿದವಳು, ನಾಲ್ಕು ಜನರ ಮುಂದೆ ಮಾತೇ ಹೊರಡದು. ಆದರೂ ಕನ್ನಡ ಸಂಘದ ಕಥಾಸ್ಪರ್ಧೆಯಲ್ಲಿ ಗೆಲ್ಲಬೇಕೆಂಬ ಆಸೆ ಒಳಗೊಳಗೇ ಕುದಿಯುತ್ತಿತ್ತು. ಒಂದು ಮಧ್ಯಾಹ್ನ, ಗಂಡನ ಮನೆಯಲ್ಲಿ ಬಾಯಿ ಬಿಡದ ಸೊಸೆಯೊಬ್ಬಳ ಕಥೆ ಬರೆದು ಅವರಿಗೆ ಓದಿ ಹೇಳಿದೆ. ಮೊದಲ ಪುಟದಲ್ಲೇ ಕಾಲು ನಿಂತಿತು.

"ಸೀರೆ, ಬಳೆ, ದುಃಖ, ಎಲ್ಲ ಉಂಟು. ಆದ್ರೆ ನಿನ್ನ ಸೊಸೆ ಇನ್ನೂ ಚೌಕಿಯಲ್ಲೇ ಕೂತಿದ್ದಾಳಲ್ಲ ಮಾರಾಯ್ತಿ! ಅವಳ ಬಾಯಿ ಬಿಡಿಸು."

ನನಗೆ ಗೊತ್ತಿದ್ದ ಚೌಕಿ ರಸ್ತೆ ಮೂಲೆಯ ಪೊಲೀಸ್ ಚೌಕಿ ಒಂದೇ. ಕೇಳಲು ನಾಚಿಕೆ. ಸರಿ, ಮನೆಗೆ ಬಾರದ ಗಂಡನನ್ನು ಹುಡುಕಿಕೊಂಡು ಸೊಸೆ ಅಲ್ಲಿಗೇ ಹೋದಂತೆ ಬರೆದೆ. ಹವಾಲ್ದಾರ ತಲೆ ಎತ್ತದೆ, "ನಾವ್ ಕಾಯ್, ಬಾಯಿ?" ಎಂದು ಮರಾಠಿಯಲ್ಲಿ ಹೆಸರು ಕೇಳುತ್ತಾನೆ. ಮದುವೆಯಾದ ಮೇಲೆ ಅವಳ ಹೆಸರು ಕೇಳಿದವನು ಅವನೊಬ್ಬನೇ. ಅವಳು ಮೆಲ್ಲಗೆ ಹೇಳುತ್ತಾಳೆ. ಅವನಿಗೆ ಕೇಳಿಸುವುದಿಲ್ಲ. ಎದ್ದು ನಿಂತು ಗಟ್ಟಿಯಾಗಿ ಹೇಳುತ್ತಾಳೆ.

ಅದನ್ನು ಓದಿ ಹೇಳಿದಾಗ ಟೀಚರಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ, ಚೌಕಿ ಅಂದ್ರೆ ಯಕ್ಷಗಾನದವರು ರಂಗಕ್ಕೆ ಬರುವ ಮೊದಲು ಬಣ್ಣ ಹಚ್ಚಿಕೊಳ್ಳುವ ಜಾಗ! ನೀನು ಪಾಪದವಳನ್ನು ಪೊಲೀಸರ ಹತ್ರ ಕಳಿಸಿದ್ಯಾ?"

"ಹರಿದು ಹಾಕ್ತೀನಿ, ಕೊಡಿ ಅಕ್ಕ."

"ಮುಟ್ಟಿದ್ರೆ ನೋಡು! ರಂಗಕ್ಕೆ ಬಂದ ವೇಷ ಏನಾದ್ರೂ ಕೇಳ್ಬೇಕು, ಇಲ್ಲ ಕೊಡ್ಬೇಕು. ಇಲ್ಲಿ ಅವ ಕೇಳಿದ, ಇವಳು ಕೊಟ್ಟಳು. ದುಃಖ ಅಂತ ನೀನು ಬರೀಲೇ ಇಲ್ಲ, ನಂಗೆ ಬಂತು." ಆಗಲೇ ನೋಡಿದೆ, ಅವರ ಕಾಲು ತಾಳ ಹಾಕುತ್ತಲೇ ಇತ್ತು.

ಆ ಕಥೆಗೇ ಮೊದಲ ಬಹುಮಾನ ಬಂತು. ಆದರೆ ಗೆದ್ದವರು ವಾರ್ಷಿಕೋತ್ಸವದ ವೇದಿಕೆಯಲ್ಲಿ ಕಥೆ ಓದಬೇಕಿತ್ತು! ನನ್ನ ಹೆಸರು ಕೂಗಿದಾಗ ಪರದೆಯ ಹಿಂದೆ ಕಾಲು ಕಿತ್ತಿಡಲಾಗದೆ ನಿಂತೆ. ಬೆನ್ನ ಮೇಲೆ ಟೀಚರಕ್ಕನ ಅಂಗೈ ಬಿತ್ತು. "ಇನ್ನೆಷ್ಟು ಹೊತ್ತು ಚೌಕಿಯಲ್ಲಿ? ಹೋಗು!"

ಹೋದೆ. ಓದಿದೆ. ಹವಾಲ್ದಾರ ಹೆಸರು ಕೇಳುವಾಗ ಸಭೆಯಲ್ಲಿ ಸದ್ದೇ ಇಲ್ಲ. ಪರದೆಯ ಹಿಂದಿನಿಂದ ಟಿಣ್ ಟಿಣ್ ಮಾತ್ರ. ಸೊಸೆಯ ಹೆಸರನ್ನು ನಾನೂ ಗಟ್ಟಿಯಾಗಿ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ನಿಮ್ಮ ತಾತ ಎದ್ದು ನಿಂತೇಬಿಟ್ಟಿದ್ದರು.

ಟೀಚರಕ್ಕ ಹೋಗಿ ಬಹಳ ವರ್ಷಗಳಾದವು. ತಾತ ಹೋದ ಮೇಲೆ ನನ್ನ ಕಾಲಲ್ಲೂ ಉಂಗುರವಿಲ್ಲ. ಆದರೂ ಮಕ್ಕಳೇ, ಬರೆಯಲು ಕೂತರೆ ನನ್ನ ಬಲಗಾಲು ತಾನಾಗಿ ತಾಳ ಹಾಕುತ್ತದೆ. ಅದು ನಿಂತ ಕಡೆ ಸಾಲು ಹೊಡೆದು ಹಾಕುತ್ತೇನೆ. ಇದನ್ನು ಬರೆದು ಮುಗಿಸುವವರೆಗೆ ಒಮ್ಮೆಯೂ ನಿಲ್ಲಲಿಲ್ಲ.